ಎಷ್ಟು ಗೆದ್ದರೆ ಚಾಂಪಿಯನ್? ಎಂಎಂಎ ಸೀಸನ್ನಿನ ಲೆಕ್ಕಾಚಾರ

2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಅಮೆರಿಕದ ಲೂಯಿವಿಲ್‌ನಲ್ಲಿ ಒಂದು ಪಂದ್ಯ ಗೆದ್ದರು. ಯುಎಫ್‌ಸಿ ಎಂಬ ಜಗತ್ತಿನ ಅತಿ ದೊಡ್ಡ ಎಂಎಂಎ (ಹಲವು ಕಾಳಗ ಕಲೆಗಳು ಬೆರೆತ ಆಟ) ಸಂಸ್ಥೆಯಲ್ಲಿ ಭಾರತದ ಮಹಿಳೆಯೊಬ್ಬರು ಗೆದ್ದದ್ದು ಅದೇ ಮೊದಲು. ಅಲ್ಲಿಯತನಕ ರೀಲ್ಸ್‌ನಲ್ಲಿ ಅರ್ಧ ನಿಮಿಷದ ಹೊಡೆತ ನೋಡಿ ಮುಂದೆ ಸರಿಸುತ್ತಿದ್ದವರಿಗೂ ಆಮೇಲೆ ಒಂದು ಪ್ರಶ್ನೆ ಹುಟ್ಟುವುದು ಸಹಜ. ಒಂದು ಪಂದ್ಯ ಗೆದ್ದಾಯಿತು, ಸರಿ. ಇನ್ನೆಷ್ಟು ಗೆದ್ದರೆ ಚಾಂಪಿಯನ್?

ಯುಎಫ್‌ಸಿಯಲ್ಲಿ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಉತ್ತರ ಇರಲೇಬೇಕು ಎಂದು ಹೊರಟದ್ದು ಅಮೆರಿಕದ್ದೇ ಇನ್ನೊಂದು ಸಂಸ್ಥೆ: ಪ್ರೊಫೆಷನಲ್ ಫೈಟರ್ಸ್ ಲೀಗ್, ಅಂದರೆ ಪಿಎಫ್‌ಎಲ್. 2018ರಲ್ಲಿ ಅದು ಪಾಯಿಂಟ್ಸ್ ಪಟ್ಟಿ, ಪ್ಲೇಆಫ್, ಫೈನಲ್ ಎಲ್ಲ ಇರುವ ಪೂರ್ತಿ ಸೀಸನ್ ಶುರುಮಾಡಿತು. ಆ ಸೀಸನ್ ಹೇಗೆ ನಡೆಯುತ್ತಿತ್ತು, ಯಾಕೆ ಹಾಗೆ ರೂಪಿಸಿದರು, ಎಲ್ಲೆಲ್ಲಿ ತೊಡರಿತು ಎಂದು ನೋಡಿದರೆ ಈ ಆಟದ ಒಳಗುಟ್ಟೂ ಬಹಳಷ್ಟು ಅರ್ಥವಾಗುತ್ತದೆ.

ಮೊದಲು ಆಟ ಯಾವುದೆಂದು ತಿಳಿಯೋಣ

ಎಂಎಂಎ ಅಂದರೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್. ಬಾಕ್ಸಿಂಗ್‌ನ ಗುದ್ದು, ಕಿಕ್‌ಬಾಕ್ಸಿಂಗ್‌ನ ಒದೆ, ಕುಸ್ತಿಯ ಪಟ್ಟು, ಜೂಡೋದ ಎಸೆತ, ಜಿಯು-ಜಿಟ್ಸುವಿನ ಕೀಲು ತಿರುವು ಮತ್ತು ಕುತ್ತಿಗೆ ಬಿಗಿತ, ಇಷ್ಟೂ ಒಂದೇ ಪಂದ್ಯದಲ್ಲಿ ನಡೆಯುತ್ತವೆ. ಸುತ್ತ ಬಲೆ ಕಟ್ಟಿದ ಕೇಜ್ ಒಳಗೆ ಇಬ್ಬರು, ಜೊತೆಗೆ ರೆಫರಿ. ಯುಎಫ್‌ಸಿಯ ಕೇಜ್‌ಗೆ ಎಂಟು ಬದಿ, ಪಿಎಫ್‌ಎಲ್‌ನದಕ್ಕೆ ಹತ್ತು.

ಒಂದು ರೌಂಡ್ ಐದು ನಿಮಿಷ. ಸಾಮಾನ್ಯ ಪಂದ್ಯಕ್ಕೆ ಮೂರು ರೌಂಡ್, ಚಾಂಪಿಯನ್ ಪಟ್ಟದ ಪಂದ್ಯಕ್ಕೆ ಐದು. ಗೆಲ್ಲುವ ದಾರಿ ಮುಖ್ಯವಾಗಿ ಮೂರು. ಎದುರಾಳಿ ಪ್ರಜ್ಞೆ ತಪ್ಪಿದರೆ ಅಥವಾ ಇನ್ನು ಕಾಪಾಡಿಕೊಳ್ಳಲಾರರು ಎಂದು ರೆಫರಿ ತಡೆದರೆ ನಾಕೌಟ್, ಟೆಕ್ನಿಕಲ್ ನಾಕೌಟ್. ಎದುರಾಳಿಯ ಪಟ್ಟಿನಲ್ಲಿ ಸಿಕ್ಕವರು ನೋವು ತಾಳದೆ ಕೈತಟ್ಟಿ ಸೋಲೊಪ್ಪಿದರೆ ಸಬ್ಮಿಷನ್. ಎರಡೂ ಆಗದೆ ಸಮಯ ಮುಗಿದರೆ ಮೂವರು ಜಡ್ಜ್‌ಗಳು ರೌಂಡ್‌ವಾರು ಅಂಕ ಕೊಟ್ಟು ತೀರ್ಪು ಹೇಳುತ್ತಾರೆ. ಸಮಯ ಮುಗಿಯುವ ಮೊದಲೇ ಪಂದ್ಯ ಕೊನೆಯಾದರೆ ಅದನ್ನು ‘ಫಿನಿಶ್’ ಎನ್ನುತ್ತಾರೆ. ಸೀಸನ್ನಿನ ಲೆಕ್ಕವೆಲ್ಲ ಈ ಫಿನಿಶ್ ಸುತ್ತಲೇ ತಿರುಗುವುದರಿಂದ ಇದನ್ನು ನೆನಪಿಡಿ.

ತೂಕದ ವಿಭಾಗಗಳೂ ಮುಖ್ಯ. ಫೆದರ್‌ವೇಟ್ ಅಂದರೆ 145 ಪೌಂಡ್, ಸುಮಾರು 65.8 ಕೆಜಿ; ಲೈಟ್‌ವೇಟ್ 155 ಪೌಂಡ್, ಸುಮಾರು 70.3 ಕೆಜಿ, ಹೀಗೆ ಏರುತ್ತ ಹೆವಿವೇಟ್‌ನಲ್ಲಿ 265 ಪೌಂಡ್‌ವರೆಗೆ. ಪಂದ್ಯದ ಹಿಂದಿನ ದಿನ ತಕ್ಕಡಿ ಹತ್ತಿ ಮಿತಿಯೊಳಗಿದ್ದೇನೆ ಎಂದು ತೋರಿಸಬೇಕು.

ಪಟ್ಟ ಸಿಗುವ ಮಾಮೂಲಿ ದಾರಿ

ವೃತ್ತಿಪರ ಬಾಕ್ಸಿಂಗ್‌ನಲ್ಲಾಗಲಿ ಯುಎಫ್‌ಸಿಯಲ್ಲಾಗಲಿ ಯಾರ ಎದುರು ಯಾರು ಎಂದು ತೀರ್ಮಾನಿಸಲು ಒಬ್ಬ ಮನುಷ್ಯ ಇರುತ್ತಾನೆ. ಅವನು ಮ್ಯಾಚ್‌ಮೇಕರ್, ಜೋಡಿ ಹೊಂದಿಸುವವನು. ರ‍್ಯಾಂಕಿಂಗ್ ನೋಡುತ್ತಾನೆ ನಿಜ, ಆದರೆ ಯಾರಿಗೆ ಹೆಚ್ಚು ಅಭಿಮಾನಿಗಳಿದ್ದಾರೆ, ಯಾರ ಹೆಸರಿಗೆ ಟಿಕೆಟ್ ಖರ್ಚಾಗುತ್ತದೆ, ಯಾರ ಗಾಯ ಮಾಗಿದೆ ಎಂಬುದನ್ನೂ ನೋಡುತ್ತಾನೆ. ಆರು ಪಂದ್ಯ ಸತತ ಗೆದ್ದವರು ಪಟ್ಟದ ಪಂದ್ಯಕ್ಕೆ ಕಾಯುತ್ತಿರಬಹುದು, ಅವರಿಗಿಂತ ಕಡಿಮೆ ಗೆದ್ದು ಹೆಚ್ಚು ಮಾತಾಡಿದವರಿಗೆ ಅದು ಮೊದಲು ಸಿಗಬಹುದು.

ಈ ಪದ್ಧತಿಗೆ ಅದರದೇ ಅನುಕೂಲವೂ ಇದೆ. ಗಾಯವಾದರೆ ಪಂದ್ಯ ಮುಂದೂಡಬಹುದು, ಒಂದು ತಿಂಗಳು ತಡವಾದರೆ ಯಾವ ಪಟ್ಟಿಯೂ ಬುಡಮೇಲಾಗುವುದಿಲ್ಲ. ಸೀಸನ್ ಬಿಟ್ಟುಕೊಟ್ಟದ್ದು ಈ ಅನುಕೂಲವನ್ನೇ.

ಪಿಎಫ್‌ಎಲ್ ಸೀಸನ್ ಹೇಗಿತ್ತು

ವರ್ಲ್ಡ್ ಸೀರೀಸ್ ಆಫ್ ಫೈಟಿಂಗ್ ಎಂಬ ಸಂಸ್ಥೆ 2012ರಿಂದ ಮಾಮೂಲಿ ಪದ್ಧತಿಯಲ್ಲೇ ಪಂದ್ಯ ನಡೆಸುತ್ತಿತ್ತು. 2017ರಲ್ಲಿ ಹೊಸ ಹೂಡಿಕೆದಾರರು ಅದನ್ನು ಕೊಂಡು ಪಿಎಫ್‌ಎಲ್ ಎಂದು ಹೆಸರು ಬದಲಿಸಿದರು. ಮೊದಲ ಸೀಸನ್ 2018ರ ಜೂನ್‌ನಲ್ಲಿ ಆರಂಭವಾಯಿತು. ಆರು ತೂಕದ ವಿಭಾಗ, ಪ್ರತಿಯೊಂದರಲ್ಲೂ 12 ಜನ, ಒಟ್ಟು 72 ಫೈಟರ್‌ಗಳು.

ಐಪಿಎಲ್ ನೋಡುವವರಿಗೆ ಇದರ ಚೌಕಟ್ಟು ಹೊಸದಲ್ಲ: ಮೊದಲು ಲೀಗ್ ಹಂತ, ಪಾಯಿಂಟ್ಸ್ ಪಟ್ಟಿಯಲ್ಲಿ ಮೇಲಿದ್ದವರಿಗೆ ಪ್ಲೇಆಫ್, ಆಮೇಲೆ ಫೈನಲ್. ವ್ಯತ್ಯಾಸ ಲೀಗ್ ಹಂತದ ಉದ್ದದಲ್ಲಿದೆ. ಐಪಿಎಲ್ ತಂಡಕ್ಕೆ 14 ಲೀಗ್ ಪಂದ್ಯಗಳಿದ್ದರೆ ಇಲ್ಲಿ ಒಬ್ಬ ಫೈಟರ್‌ಗೆ ಎರಡೇ ಎರಡು. ಮೂರು ಪಂದ್ಯ ಸೋತ ತಂಡ ಚೇತರಿಸಿಕೊಂಡು ಕಪ್ ಗೆಲ್ಲಬಹುದು. ಇಲ್ಲಿ ಒಂದು ಸೋತರೆ ಅರ್ಧ ಸೀಸನ್ ಹೋಯಿತು.

2018ರಲ್ಲಿ ಪ್ರತಿ ವಿಭಾಗದ ಮೊದಲ ಎಂಟು ಮಂದಿ ಪ್ಲೇಆಫ್‌ಗೆ ಹೋದರು. ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಹುಲು ಥಿಯೇಟರಿನಲ್ಲಿ ಆರು ಫೈನಲ್‌ಗಳೂ ಒಟ್ಟಿಗೆ ನಡೆದವು. ಗೆದ್ದ ಒಬ್ಬೊಬ್ಬರಿಗೂ 10 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 7 ಕೋಟಿ ರೂಪಾಯಿ. ಈ ಆಟದಲ್ಲಿ ಹೆಸರಾಂತ ಕೆಲವರನ್ನು ಬಿಟ್ಟರೆ ಉಳಿದವರು ಕನಸಿನಲ್ಲೂ ಕಾಣದ ಮೊತ್ತ ಅದು. ಲೈಟ್ ಹೆವಿವೇಟ್ ಗೆದ್ದ ಶಾನ್ ಓಕಾನೆಲ್ ಅದೇ ರಾತ್ರಿ ನಿವೃತ್ತಿ ಘೋಷಿಸಿದರು. ಮುಂದೆ ಅವರು ಅದೇ ಲೀಗಿನ ಪಂದ್ಯಗಳಿಗೆ ಕಾಮೆಂಟರಿ ಹೇಳುವವರಾದರು.

ಕೋವಿಡ್‌ನಿಂದ 2020ರ ಸೀಸನ್ ರದ್ದಾಯಿತು. 2021ರಲ್ಲಿ ಮರಳಿದಾಗ ಚೌಕಟ್ಟು ಬಿಗಿಯಾಗಿತ್ತು: ವಿಭಾಗಕ್ಕೆ ಹತ್ತು ಜನರಷ್ಟೇ, ಲೀಗ್ ಹಂತದಿಂದ ಮುಂದೆ ಹೋಗುವವರು ನಾಲ್ವರು, ನೇರ ಸೆಮಿಫೈನಲ್‌ಗೆ.

ಪಾಯಿಂಟ್ ಲೆಕ್ಕ

ಗೆದ್ದರೆ 3 ಪಾಯಿಂಟ್, ಸಮವಾದರೆ 1, ಸೋತರೆ ಸೊನ್ನೆ. ಇಷ್ಟೇ ಆಗಿದ್ದರೆ ವಿವರಿಸುವಂಥದ್ದು ಏನೂ ಇರಲಿಲ್ಲ. ಮೇಲೆ ಬೋನಸ್ ಇತ್ತು. ಮೊದಲ ರೌಂಡ್‌ನಲ್ಲಿ ಫಿನಿಶ್ ಮಾಡಿದರೆ ಇನ್ನೂ 3, ಎರಡನೆಯದರಲ್ಲಿ 2, ಮೂರನೆಯದರಲ್ಲಿ 1. ಅಂದರೆ ಒಂದು ಪಂದ್ಯದಿಂದ ಹೆಚ್ಚೆಂದರೆ 6 ಪಾಯಿಂಟ್ ಗಳಿಸಬಹುದಿತ್ತು.

ಈಗ ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬ ಎರಡೂ ಪಂದ್ಯಗಳನ್ನು ಜಡ್ಜ್‌ಗಳ ತೀರ್ಪಿನಿಂದ ಗೆದ್ದ: 3 ಮತ್ತು 3, ಒಟ್ಟು 6. ಇನ್ನೊಬ್ಬ ಮೊದಲನೆಯದನ್ನು ಸೋತ, ಎರಡನೆಯದರಲ್ಲಿ ಮೊದಲ ರೌಂಡ್‌ಗೇ ಎದುರಾಳಿಯನ್ನು ಮಲಗಿಸಿದ: 0 ಮತ್ತು 6, ಅವನದೂ 6. ಅಜೇಯನೂ ಒಂದು ಸೋತವನೂ ಪಟ್ಟಿಯಲ್ಲಿ ಸಮಸಮ! ಇದು ನ್ಯಾಯವೇ ಎಂದು ವಾದ ಮಾಡುವವರು ಇದ್ದರು, ಈಗಲೂ ಇದ್ದಾರೆ. ಸೀಸನ್ ಕಟ್ಟಿದವರ ಉದ್ದೇಶವಂತೂ ಸ್ಪಷ್ಟವಾಗಿತ್ತು: ಹೇಗೋ ಹದಿನೈದು ನಿಮಿಷ ತಳ್ಳಿ ತೀರ್ಪಿನಲ್ಲಿ ಗೆಲ್ಲುವ ಆಟಕ್ಕೆ ಲಾಭ ಕಡಿಮೆ ಇರಬೇಕು.

ಇದರಿಂದ ಕೇಜ್ ಒಳಗಿನ ನಡೆಯೂ ಬದಲಾಗುತ್ತದೆ. ಮೊದಲ ಪಂದ್ಯ ಸೋತು ಬಂದವರಿಗೆ ಎರಡನೆಯ ಪಂದ್ಯದ ಮೊದಲ ಐದು ನಿಮಿಷವೇ ಸರ್ವಸ್ವ. ಅವರು ಗಂಟೆ ಬಾರಿಸಿದ ಕೂಡಲೇ ಮುನ್ನುಗ್ಗುತ್ತಾರೆ, ಮೈಮೇಲೆ ಬರುವ ಹೊಡೆತಕ್ಕೂ ಲೆಕ್ಕ ಇಡುವುದಿಲ್ಲ. ಎದುರಿಗಿರುವವರ ಖಾತೆಯಲ್ಲಿ ಆಗಲೇ 6 ಪಾಯಿಂಟ್ ಇದ್ದರೆ ಅವರು ಹಿಂದೆ ಸರಿಯುತ್ತ, ಕಾಯುತ್ತ, ಗಾಯವಾಗದಂತೆ ನೋಡಿಕೊಳ್ಳುತ್ತಾರೆ. ಒಂದೇ ವಿಭಾಗದ ಪಂದ್ಯಗಳು ಸಾಮಾನ್ಯವಾಗಿ ಒಂದೇ ರಾತ್ರಿ ಇರುತ್ತಿದ್ದುದರಿಂದ ಕೊನೆಗೆ ಕೇಜ್ ಹತ್ತುವವರಿಗೆ ತಮಗೆ ಎಷ್ಟು ಪಾಯಿಂಟ್ ಬೇಕು ಎಂಬುದು ಗೊತ್ತಿರುತ್ತಿತ್ತು. ಪಂದ್ಯವನ್ನಷ್ಟೇ ನೋಡಿದರೆ ‘ಇವನೇಕೆ ಹೀಗೆ ಹೆದರಿ ಆಡುತ್ತಿದ್ದಾನೆ’ ಅನ್ನಿಸುತ್ತದೆ. ಪಟ್ಟಿ ನೋಡಿದರೆ ಕಾರಣ ತಿಳಿಯುತ್ತದೆ.

ತೂಕ ಮೀರಿದವರಿಗೆ ದಂಡವೂ ಇತ್ತು. ತಕ್ಕಡಿಯಲ್ಲಿ ಹೆಚ್ಚು ತೂಗಿದವರ ಖಾತೆಯಿಂದ 1 ಪಾಯಿಂಟ್ ಕಳೆಯುತ್ತಿದ್ದರು, ಆ ಪಂದ್ಯ ಗೆದ್ದರೂ ಅವರಿಗೆ ಪಾಯಿಂಟ್ ಇಲ್ಲ.

ಕ್ಯಾಲೆಂಡರ್ ಕಾಯುವುದಿಲ್ಲ, ಮೈ ಕೇಳುವುದಿಲ್ಲ

ಸೀಸನ್ನಿನ ನಿಜವಾದ ತೊಡಕು ಇಲ್ಲಿದೆ. ಒಳ್ಳೆಯ ಮಟ್ಟದ ಎಂಎಂಎ ಫೈಟರ್ ವರ್ಷಕ್ಕೆ ಎರಡು ಅಥವಾ ಮೂರು ಪಂದ್ಯ ಆಡಿದರೆ ಸಾಕಷ್ಟಾಯಿತು. ಪಿಎಫ್‌ಎಲ್ ಫೈನಲ್ ತಲುಪುವವರು ಏಳೆಂಟು ತಿಂಗಳಲ್ಲಿ ನಾಲ್ಕು ಪಂದ್ಯ ಆಡಬೇಕಿತ್ತು, ಮೊದಲ ಎರಡು ಸೀಸನ್‌ಗಳಲ್ಲಿ ಹೆಚ್ಚಿನ ವಿಭಾಗಗಳಲ್ಲಿ ಐದು. ಪ್ರತಿ ಸಲವೂ ತೂಕ ಇಳಿಸಬೇಕಿತ್ತು. ಅಂದರೆ ಕೊನೆಯ ದಿನಗಳಲ್ಲಿ ಊಟ ಕಡಿಮೆ ಮಾಡಿ, ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲೋ ಹಬೆ ಕೋಣೆಯಲ್ಲೋ ಕೂತು ಬೆವರು ಸುರಿಸಿ, ತಕ್ಕಡಿ ಇಳಿದ ಮೇಲೆ ಮತ್ತೆ ತುಂಬಿಕೊಳ್ಳುವುದು. ವರ್ಷಕ್ಕೆ ಎರಡು ಸಲ ಇದನ್ನು ತಾಳುವ ದೇಹ ನಾಲ್ಕನೆಯ ಸಲ ಹಟ ಹಿಡಿಯುತ್ತದೆ.

ನಾಕೌಟ್ ಆದವರ ಪಾಡು ಬೇರೆ. ಅಮೆರಿಕದಲ್ಲಿ ಪಂದ್ಯಗಳ ಮೇಲೆ ಆಯಾ ರಾಜ್ಯದ ಅಥ್ಲೆಟಿಕ್ ಕಮಿಷನ್‌ಗಳ ಹಿಡಿತವಿದೆ. ತಲೆಗೆ ಪೆಟ್ಟು ಬಿದ್ದು ಸೋತವರು 30 ದಿನವೋ 60 ದಿನವೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಣಕ್ಕಿಳಿಯುವಂತಿಲ್ಲ ಎಂದು ಅವು ವೈದ್ಯಕೀಯ ತಡೆ ಹಾಕುತ್ತವೆ. ಲೀಗ್ ಹಂತದ ಎರಡು ಪಂದ್ಯಗಳ ನಡುವೆ ಸಿಗುತ್ತಿದ್ದದ್ದು ಸುಮಾರು ಎರಡು ತಿಂಗಳು. ಹೀಗಾಗಿ ಮೊದಲ ಪಂದ್ಯದಲ್ಲಿ ಬಲವಾಗಿ ಬಿದ್ದವರಿಗೆ ಎರಡನೆಯದು ಸಿಗದೆಯೂ ಹೋಗಬಹುದಿತ್ತು. ಆಗ ಬದಲಿ ಫೈಟರ್ ಬರುತ್ತಿದ್ದರು. ಪ್ರತಿ ಸೀಸನ್ನಿನಲ್ಲೂ ಆರಂಭದ ಪಟ್ಟಿಯಲ್ಲಿದ್ದ ಹೆಸರುಗಳಿಗೂ ಪ್ಲೇಆಫ್‌ನ ಹೆಸರುಗಳಿಗೂ ವ್ಯತ್ಯಾಸ ಇದ್ದೇ ಇರುತ್ತಿತ್ತು.

ಮೊಣಕೈ ಹೊಡೆತಕ್ಕೆ ಪಿಎಫ್‌ಎಲ್ ನಿಷೇಧ ಹಾಕಿದ್ದು ಈ ಕಾರಣಕ್ಕೇ. ಯುಎಫ್‌ಸಿಯಲ್ಲಿ ಮೊಣಕೈ ಬಳಸಬಹುದು. ಅದರ ಮೂಳೆ ಚೂಪಾದ್ದರಿಂದ ಹುಬ್ಬು, ಹಣೆ ಸೀಳಿಹೋಗುತ್ತದೆ. ಹೊಲಿಗೆ ಹಾಕಿದ ಹುಬ್ಬು ಹೊತ್ತು ಎಂಟು ವಾರದಲ್ಲಿ ಮತ್ತೆ ಕೇಜ್‌ಗೆ ಬರಲಾಗದು. ಸೀಸನ್ ಉಳಿಯಬೇಕಾದರೆ ಮುಖ ಉಳಿಯಬೇಕು.

ಇದೇ ಲೆಕ್ಕದ ಇನ್ನೊಂದು ನಿಯಮ 2018 ಮತ್ತು 2019ರ ಪ್ಲೇಆಫ್‌ನಲ್ಲಿತ್ತು. ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್ ಒಂದೇ ರಾತ್ರಿ! ಅದಕ್ಕಾಗಿ ಕ್ವಾರ್ಟರ್‌ಫೈನಲ್‌ಗೆ ಎರಡೇ ರೌಂಡ್. ಎರಡು ಮತ್ತು ಮೂರು ಸೇರಿ ಐದು ರೌಂಡ್, ಅಂದರೆ ಒಂದು ಪಟ್ಟದ ಪಂದ್ಯದಷ್ಟೇ ಸಮಯ. ಕಾಗದದ ಮೇಲೆ ಚೊಕ್ಕವಾಗಿ ಕಾಣುತ್ತದೆ. ಆದರೆ ಮೊದಲ ಪಂದ್ಯ ಮುಗಿಸಿ, ಕೈಪಟ್ಟಿ ಬಿಚ್ಚಿ, ಮೈ ತಣ್ಣಗಾಗಿ, ಊದಿದ ಮೊಣಕಾಲಿಗೆ ಐಸ್ ಇಟ್ಟು, ಮತ್ತೆ ಹೊಸಬರ ಎದುರು ನಿಲ್ಲುವುದಕ್ಕೂ ಒಂದೇ ಎದುರಾಳಿಯ ಜೊತೆ ಐದು ರೌಂಡ್ ಆಡುವುದಕ್ಕೂ ಬಹಳ ಅಂತರವಿದೆ. 2021ರಿಂದ ಈ ಪದ್ಧತಿ ಇಲ್ಲ.

2023ರಲ್ಲಿ ಇನ್ನೊಂದು ಪೆಟ್ಟು. ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಪಂದ್ಯಗಳ ನಂತರ ಹಲವರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಹಿಂದಿನ ವರ್ಷದ ಲೈಟ್ ಹೆವಿವೇಟ್ ಚಾಂಪಿಯನ್ ರಾಬ್ ವಿಲ್ಕಿನ್ಸನ್, 2021ರ ಹೆವಿವೇಟ್ ಚಾಂಪಿಯನ್ ಬ್ರೂನೋ ಕಪೆಲೋಜಾ ಇಬ್ಬರೂ ಅವರಲ್ಲಿದ್ದರು. ಮಾಮೂಲಿ ಪದ್ಧತಿಯಲ್ಲಿ ಒಬ್ಬ ಫೈಟರ್ ಅಮಾನತಾದರೆ ಅವನದೊಂದು ಪಂದ್ಯ ಹೋಗುತ್ತದೆ. ಸೀಸನ್ನಿನಲ್ಲಿ ಪಾಯಿಂಟ್ಸ್ ಪಟ್ಟಿಯನ್ನೇ ಮತ್ತೆ ಬರೆಯಬೇಕಾಗುತ್ತದೆ.

ಪಚೇಕೊ ಮತ್ತು ಹ್ಯಾರಿಸನ್

ಸೀಸನ್ ಪದ್ಧತಿಯ ಕಷ್ಟವೂ ಸೊಗಸೂ ಒಟ್ಟಿಗೆ ಕಾಣಬೇಕಾದರೆ ಬ್ರೆಜಿಲ್‌ನ ಲರಿಸ್ಸಾ ಪಚೇಕೊ ಅವರ ದಾರಿ ನೋಡಬೇಕು. ಅವರ ವಿಭಾಗದಲ್ಲಿ ಅಮೆರಿಕದ ಕೇಲಾ ಹ್ಯಾರಿಸನ್ ಇದ್ದರು. 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಜೂಡೋ ಚಿನ್ನ ಗೆದ್ದು ಎಂಎಂಎಗೆ ಬಂದವರು. 2019ರ ಲೀಗ್ ಹಂತದಲ್ಲೇ ಹ್ಯಾರಿಸನ್ ಪಚೇಕೊರನ್ನು ಸೋಲಿಸಿದರು. ಪಚೇಕೊ ಚೇತರಿಸಿಕೊಂಡು ಫೈನಲ್‌ಗೆ ಬಂದರು. ಎದುರಿಗೆ ಮತ್ತೆ ಹ್ಯಾರಿಸನ್, ಮತ್ತೆ ಸೋಲು.

2021ರಲ್ಲಿ ಲೀಗ್ ಹಂತದ ಎರಡೂ ಪಂದ್ಯಗಳನ್ನು ಪಚೇಕೊ ಮೊದಲ ರೌಂಡ್‌ನಲ್ಲೇ ಮುಗಿಸಿದರು. 12ಕ್ಕೆ 12 ಪಾಯಿಂಟ್. ಆದರೆ ಸೆಮಿಫೈನಲ್‌ಗೆ ಮುನ್ನ ತಕ್ಕಡಿಯಲ್ಲಿ ತೂಕ ಮೀರಿತು, ಅವರು ಕೇಜ್ ಹತ್ತದೆಯೇ ಸೀಸನ್ನಿನಿಂದ ಹೊರಬಿದ್ದರು. ಆ ವರ್ಷವೂ ಹ್ಯಾರಿಸನ್ನರೇ ಚಾಂಪಿಯನ್.

2022ರಲ್ಲಿ ಪಚೇಕೊ ಫೈನಲ್ ತಲುಪುವವರೆಗಿನ ಮೂರೂ ಪಂದ್ಯಗಳನ್ನು ಮೊದಲ ರೌಂಡ್‌ನಲ್ಲಿ ಗೆದ್ದರು. ನವೆಂಬರ್ 25ರಂದು ನ್ಯೂಯಾರ್ಕ್‌ನಲ್ಲಿ ಮೂರನೆಯ ಸಲ ಹ್ಯಾರಿಸನ್ ಎದುರಾದರು. ಐದು ರೌಂಡ್ ಪೂರ್ತಿ ನಡೆದು ಮೂವರೂ ಜಡ್ಜ್‌ಗಳು ಪಚೇಕೊ ಗೆದ್ದರೆಂದು ಬರೆದರು. ಹ್ಯಾರಿಸನ್ ವೃತ್ತಿಜೀವನದ ಮೊದಲ ಸೋಲು ಅದು. ಎರಡು ಸಲ ಸೋತವರನ್ನು ಅದೇ ಎದುರಾಳಿಯ ಮುಂದೆ ಮೂರನೆಯ ಸಲ ನಿಲ್ಲಿಸಲು ಮ್ಯಾಚ್‌ಮೇಕರ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ, ಟಿಕೆಟ್ ಕೊಳ್ಳುವವರು ಯಾರು ಎಂದು ಕೇಳುತ್ತಾರೆ. ಪಟ್ಟಿಗೆ ಅಂಥ ಅಳುಕಿಲ್ಲ. ಹ್ಯಾರಿಸನ್ ಆಮೇಲೆ ಯುಎಫ್‌ಸಿಗೆ ಹೋಗಿ 2025ರ ಜೂನ್‌ನಲ್ಲಿ ಅಲ್ಲೂ ಚಾಂಪಿಯನ್ ಆದರು.

ಗೆಳೆಯರು ಎದುರಾದಾಗ

ಪಟ್ಟಿಗೆ ಅಳುಕಿಲ್ಲದ್ದರ ಇನ್ನೊಂದು ಮುಖ 2023ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ಕಂಡಿತು. ಲೈಟ್‌ವೇಟ್‌ನಲ್ಲಿ ನಾಟನ್ ಶುಲ್ಟೆ 2018 ಮತ್ತು 2019ರ ಚಾಂಪಿಯನ್, ರೌಶ್ ಮನ್ಫಿಯೊ 2021ರವರು. ಇಬ್ಬರೂ ಬ್ರೆಜಿಲ್‌ನವರು, ಒಟ್ಟಿಗೆ ಅಭ್ಯಾಸ ಮಾಡುವ ಆಪ್ತ ಗೆಳೆಯರು. ಲೀಗ್ ಹಂತದಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಲಾಯಿತು. ಮೂರು ರೌಂಡ್ ನೀರಸವಾಗಿ ಕಳೆಯಿತು, ಶುಲ್ಟೆ ತೀರ್ಪಿನಲ್ಲಿ ಗೆದ್ದರು. ಮನಸ್ಸಿಟ್ಟು ಸೆಣಸಲಿಲ್ಲ ಎಂದು ಪಿಎಫ್‌ಎಲ್ ಇಬ್ಬರನ್ನೂ ಅಮಾನತು ಮಾಡಿತು. ಪಾಯಿಂಟ್ ಲೆಕ್ಕದಲ್ಲಿ ಪ್ಲೇಆಫ್ ತಲುಪಿದ್ದ ಶುಲ್ಟೆ ಜಾಗ ಶೇನ್ ಬರ್ಗೋಸ್ ಪಾಲಾಯಿತು. ಹತ್ತೇ ಜನರ ವಿಭಾಗದಲ್ಲಿ ಗೆಳೆಯರು ಒಂದಲ್ಲ ಒಂದು ದಿನ ಎದುರಾಗುವುದು ತಪ್ಪುವುದಿಲ್ಲ. ಅದು ಫೈನಲ್‌ನಲ್ಲಿ ಆಗಿದ್ದರೆ 10 ಲಕ್ಷ ಡಾಲರ್ ನಡುವೆ ಇರುತ್ತಿತ್ತು, ಕಥೆಯೇ ಬೇರೆಯಾಗುತ್ತಿತ್ತೇನೋ.

ಇದೇ ಹಾದಿಯಲ್ಲಿ ನಡೆದವರು

ಸರಣಿಯಾಗಿ ಗೆದ್ದು ಪಟ್ಟಕ್ಕೇರುವ ಆಲೋಚನೆ ಎಂಎಂಎಯಷ್ಟೇ ಹಳತು. 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯೇ ಎಂಟು ಜನರ, ಒಂದೇ ರಾತ್ರಿಯ ಟೂರ್ನಿ. ಗೆದ್ದವರು ಬ್ರೆಜಿಲ್‌ನ ರಾಯ್ಸ್ ಗ್ರೇಸಿ. 2006ರಿಂದ 2008ರವರೆಗೆ ಇಂಟರ್‌ನ್ಯಾಷನಲ್ ಫೈಟ್ ಲೀಗ್ ಎಂಬುದು ತಂಡಗಳ ಮಾದರಿಯನ್ನು ಪ್ರಯತ್ನಿಸಿ ದಿವಾಳಿಯಾಯಿತು. 2009ರಿಂದ ಬೆಲಟೋರ್ ಸಂಸ್ಥೆ ಟೂರ್ನಿ ಗೆದ್ದವರಿಗೇ ಪಟ್ಟದ ಪಂದ್ಯ ಎಂಬ ನಿಯಮದ ಮೇಲೆ ಸೀಸನ್‌ಗಳನ್ನು ನಡೆಸಿತು, 2014ರಲ್ಲಿ ಆಡಳಿತ ಬದಲಾದಾಗ ಅದನ್ನು ಕೈಬಿಟ್ಟಿತು. ಆ ಬೆಲಟೋರ್ ಅನ್ನು 2023ರ ನವೆಂಬರ್‌ನಲ್ಲಿ ಕೊಂಡದ್ದು ಪಿಎಫ್‌ಎಲ್!

ಭಾರತದಲ್ಲೂ ಒಂದು ಪ್ರಯತ್ನ ನಡೆದಿತ್ತು. 2012ರಲ್ಲಿ ಹುಟ್ಟಿದ ಸೂಪರ್ ಫೈಟ್ ಲೀಗ್ 2017ರಲ್ಲಿ ಎಂಟು ತಂಡಗಳ ಲೀಗ್ ಆಗಿ ಮರಳಿತು. ಅವುಗಳಲ್ಲಿ ನಮ್ಮೂರಿನ ಹೆಸರಿನದೂ ಒಂದಿತ್ತು, ಬೆಂಗಳೂರು ಟೈಗರ್ಸ್. ಪ್ರತಿ ತಂಡದಲ್ಲೂ ಮಹಿಳಾ ಫೈಟರ್‌ಗಳಿದ್ದರು. ಹೆಚ್ಚು ಕಾಲ ಅದು ಬಾಳಲಿಲ್ಲ.

ಭಾರತೀಯರು ಹೆಸರು ಮಾಡಿದ್ದು ಸೋತವರು ಹೊರಬೀಳುವ ನಾಕೌಟ್ ಟೂರ್ನಿಗಳಲ್ಲಿ. 2021ರಲ್ಲಿ ರಿತು ಫೋಗಾಟ್ ಏಷ್ಯಾದ ಒನ್ ಚಾಂಪಿಯನ್‌ಶಿಪ್‌ನ ಮಹಿಳಾ ಆ್ಯಟಮ್‌ವೇಟ್ ಗ್ರ್ಯಾನ್ ಪ್ರಿ ಫೈನಲ್ ತಲುಪಿ ಥಾಯ್ಲೆಂಡ್‌ನ ಸ್ಟ್ಯಾಂಪ್ ಎದುರು ಸೋತರು. ಉತ್ತರಾಖಂಡದ ಅಂಶುಲ್ ಜುಬ್ಲಿ 2023ರ ಫೆಬ್ರವರಿಯಲ್ಲಿ ರೋಡ್ ಟು ಯುಎಫ್‌ಸಿ ಲೈಟ್‌ವೇಟ್ ಟೂರ್ನಿ ಗೆದ್ದು ಯುಎಫ್‌ಸಿ ಒಪ್ಪಂದ ಪಡೆದರು. ಆ ಟೂರ್ನಿಯಲ್ಲಿ ಅವರ ಮೊದಲ ಎದುರಾಳಿ ಕೇಜ್‌ವರೆಗೆ ಬರಲೇ ಇಲ್ಲ, ವಾಕ್‌ಓವರ್ ಸಿಕ್ಕಿತು. ಟೂರ್ನಿ ಯಾವ ಖಂಡದ್ದಾದರೂ ನಡುವೆಯೇ ಯಾರಾದರೂ ಹೊರಬೀಳುವುದು ಮಾತ್ರ ತಪ್ಪುವುದಿಲ್ಲ.

ದೊಡ್ಡ ಹೆಸರು, ಬೇರೆ ಬಾಗಿಲು

2023ರ ಮೇ ತಿಂಗಳಲ್ಲಿ ಯುಎಫ್‌ಸಿಯ ಮಾಜಿ ಹೆವಿವೇಟ್ ಚಾಂಪಿಯನ್ ಫ್ರಾನ್ಸಿಸ್ ಎನ್ಗಾನು ಪಿಎಫ್‌ಎಲ್ ಸೇರಿದರು. ಅವರನ್ನು ಲೀಗ್ ಹಂತದಿಂದ ಆಡಿಸಲಿಲ್ಲ. ಸೂಪರ್‌ಫೈಟ್ ಎಂಬ ಪ್ರತ್ಯೇಕ ವಿಭಾಗಕ್ಕೆ ಸೇರಿಸಿ, 2024ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ 2023ರ ಸೀಸನ್ ಚಾಂಪಿಯನ್ ರೆನಾನ್ ಫೆರೇರಾ ಎದುರು ನೇರವಾಗಿ ಇಳಿಸಿದರು. ಸೀಸನ್ ಗೆದ್ದು ಬಂದ ಫೆರೇರಾ ಮೊದಲ ರೌಂಡ್‌ನಲ್ಲೇ ಸೋತರು. ಪಾಯಿಂಟ್ ಲೆಕ್ಕವನ್ನೇ ನೆಚ್ಚಿದ್ದ ಲೀಗಿಗೂ ಕೊನೆಗೆ ಟಿಕೆಟ್ ತರುವ ಹೆಸರು ಬೇಕಾಯಿತು.

ಮರುವರ್ಷ ಪಾಯಿಂಟ್ಸ್ ಪಟ್ಟಿಯೇ ಹೋಯಿತು. 2025ರಲ್ಲಿ ಪಿಎಫ್‌ಎಲ್ ನಡೆಸಿದ್ದು ವರ್ಲ್ಡ್ ಟೂರ್ನಮೆಂಟ್: ಎಂಟು ವಿಭಾಗ, ವಿಭಾಗಕ್ಕೆ ಎಂಟು ಜನ, ಸೋತವರು ಮನೆಗೆ. ಏಪ್ರಿಲ್‌ನಲ್ಲಿ ಶುರುವಾಗಿ ಆಗಸ್ಟ್‌ನಲ್ಲಿ ಮುಗಿಯಿತು. ಬಹುಮಾನ 10 ಲಕ್ಷ ಡಾಲರ್‌ನಿಂದ 5 ಲಕ್ಷಕ್ಕೆ ಇಳಿಯಿತು. ಎಷ್ಟು ಗೆದ್ದರೆ ಚಾಂಪಿಯನ್ ಎಂಬ ಪ್ರಶ್ನೆಗೆ ಆ ವರ್ಷದ ಉತ್ತರ ಮೂರು. ಯಾವ ರೌಂಡ್‌ನಲ್ಲಿ ಗೆದ್ದಿರಿ ಎಂದು ಯಾರೂ ಕೇಳುತ್ತಿರಲಿಲ್ಲ.